ಗೋಡೆಯಾಚೆಯ ಬೆಲ್

ನವೆಂಬರ್ 18, ಬೆಳಗ್ಗೆ

ಇವರಿಗೆ ಗಂಜಿ ಆಯ್ತು, ಮಾತ್ರೆ ಆಯ್ತು. ಸ್ಟ್ರೋಕ್ ಆದಮೇಲೆ ದನಿ ಏಳುವುದಿಲ್ಲ. ಏನು ಬೇಕಾದರೂ ಮಂಚದ ಕಂಬಿಗೆ ಸ್ಟೀಲ್ ಲೋಟ ಬಡಿಯುತ್ತಾರೆ. ಹೋಟೆಲಿನ ಗಲ್ಲಾದಲ್ಲಿ ಕೂತು ಸಪ್ಲೈಯರ್‌ಗಳನ್ನು ಕರೆದ ಅಭ್ಯಾಸ. ಇಡೀ ರಾಯಪುರಂ ಬೀದಿಗೆ ಕೇಳಬೇಕು!

ನವೆಂಬರ್ 23, ಭಾನುವಾರ

ಅನ್ವಿತಾ ಸ್ಮಾರ್ಟ್ ಬೆಲ್ ತಂದಳು. ಮಂಚಕ್ಕೊಂದು ಬಟನ್, ಅಡುಗೆಮನೆಗೊಂದು ಸ್ಪೀಕರ್. ಮಡಿಯಲ್ಲಿರುವಾಗ ನಾನು ಫೋನ್ ಮುಟ್ಟುವುದಿಲ್ಲವಲ್ಲ — ಅದನ್ನೂ ಯೋಚಿಸಿದ್ದಾಳೆ ನನ್ನ ಮಗಳು.

ಇವರು ಪಿಸುಗುಟ್ಟಿದರು: "ಗೋಡೆ ಆಚೆ ಕೇಳ್ಲಿಕ್ಕೆ ಇದಕ್ಕೆ ನೆಟ್ ಎಂತಕ್ಕೆ ಮಾರಾಯ್ತಿ?"

"ಇಪ್ಪೊ ಎಲ್ಲಾಮೇ ಕ್ಲೌಡ್‌ಲ ದಾನ್‌ಪ್ಪಾ," ಎಂದು ಅನ್ವಿತಾ ನಕ್ಕಳು. ಈ ತಮಿಳು ಊರಲ್ಲೇ ಹುಟ್ಟಿ ಬೆಳೆದವಳು; ಈಗ ಎಲ್ಲವೂ ನೆಟ್ ಮೂಲಕವೇ ಹೋಗಿ ಬರುವುದಂತೆ.

ಲೋಟ ಒಳಗೆ ಎತ್ತಿಟ್ಟೆ. ನಾನೇ.

ಡಿಸೆಂಬರ್ 2

ಇವರು ಹೋದರು.

ಡಿಸೆಂಬರ್ 9

ಬರೆಯದಿದ್ದರೆ ಎದೆ ಒಡೆದುಹೋಗುತ್ತದೆ.

ಅಂದು ದ್ವಾದಶಿ. ಮಡಿಯುಟ್ಟು, ಬಾಗಿಲು ಮುಂದೆ ಮಾಡಿಕೊಂಡು ಪಾರಣೆಯ ಅಡುಗೆ ಮಾಡುತ್ತಿದ್ದೆ. ಹೊರಗೆ ಜೋರು ಮಳೆ. ಕರೆಂಟ್ ಇತ್ತು. ನೆಟ್ ಹೋದದ್ದು ನನಗೆ ಹೇಗೆ ಗೊತ್ತಾಗಬೇಕು? ಬೆಲ್ ಇಲ್ಲ... ನಿದ್ದೆ ಮಾಡುತ್ತಿದ್ದಾರೆ ಅಂದುಕೊಂಡೆ. ತೀರ್ಥ ಕೊಡಲು ಹೋದರೆ — ಮೈ ತಣ್ಣಗಿತ್ತು. ಬೆರಳು ಬಟನ್ ಮೇಲೆಯೇ ಇತ್ತು.

ಪಕ್ಕದಲ್ಲಿ ಕುಸಿದು ಕೂತೆ. ಎಷ್ಟೋ ಹೊತ್ತಿನ ಮೇಲೆ ಅಡುಗೆಮನೆಯಲ್ಲಿ ಬೆಲ್ ಹೊಡೆಯಿತು. ಮತ್ತೆ. ಮತ್ತೆ. ನೆಟ್ ಬಂದಿತ್ತು; ಒತ್ತಿದ್ದೆಲ್ಲ ಈಗ ತಲುಪಿತು. ಅಷ್ಟು ಸಲ ಕರೆದಿದ್ದಾರೆ ನನ್ನನ್ನು.

ಅನ್ವಿತಾ ಅಡಯಾರಿನ ಆಫೀಸಿನಿಂದ ನೆನೆದುಕೊಂಡೇ ಓಡಿಬಂದಳು. ನಿದ್ದೆಯಲ್ಲೇ ಹೋದರು ಅಂದೆ.

"ಬೆಲ್ ಅಡಿಕ್ಕಲಿಯಾಮ್ಮಾ?"

"ಇಲ್ಲ ಮಗಾ, ಹೊಡೀಲಿಲ್ಲ. ಒತ್ತಲೇ ಇಲ್ಲ."

ಅವಳಿಗೆ ಇದು ಗೊತ್ತಾಗಬಾರದು. ಪ್ರೀತಿಯಿಂದ ತಂದದ್ದು. ಜನ್ಮದಲ್ಲಿ ಗೊತ್ತಾಗಬಾರದು.

ಡಿಸೆಂಬರ್ 14, ಸಂಜೆ

ವೈಕುಂಠ ಸಮಾರಾಧನೆ ಮುಗಿಯಿತು. ನೆಂಟರು ಹೊರಟುಹೋದರು. ಅನ್ವಿತಾ ಆ ಬೆಲ್ಲನ್ನು ತಂದು ನನ್ನ ಮಂಚಕ್ಕೆ ಸಿಕ್ಕಿಸಿದಳು. "ಇನಿಮೇ ಇದು ಉನಕ್ಕು. ಒತ್ತಿದ್ರೆ ನಾನು ಬರ್ತೀನಿ." ಇನ್ನು ಅದು ನನಗಂತೆ; ಬೇಡ ಅಂದರೂ ಕೇಳಲಿಲ್ಲ.

ಅವಳು ಆಚೆ ಹೋದಮೇಲೆ ಇವರ ಲೋಟ ಹುಡುಕಿ ತಂದು ದಿಂಬಿನ ಪಕ್ಕ ಇಟ್ಟುಕೊಂಡೆ. ಬುದ್ಧಿ ಇರಲಿಲ್ಲ ನನಗೆ. ಈಗಷ್ಟೇ ಬಂದು ನೋಡಿದಳು.

"ಎದುಕ್ಕುಮ್ಮಾ ಇದು?"

"ನೀರಿಗೆ."

ಎತ್ತಿ ನೋಡಿದಳು. ಖಾಲಿ. ಮಂಚದ ಕಂಬಿ ನೋಡಿದಳು. ಬಟನ್ ನೋಡಿದಳು. ಮುಖ ಬಿಳಿಚಿಕೊಂಡಿತು.

"ಅಮ್ಮಾ... ಅನ್ನಿಕ್ಕಿ... ಅವತ್ತು ಅಪ್ಪಾ ಒತ್ತಿದ್ರಾ..."

ಬಾಗಿಲಲ್ಲೇ ನಿಂತಿದ್ದಾಳೆ. ತಲೆ ಎತ್ತಲಾಗದೆ ಬರೆಯುತ್ತಿದ್ದೇನೆ. ಲೋಟ ಅವಳ ಕೈಯಲ್ಲೇ ಇದೆ. ಈಗ ಹತ್ತಿರ ಬಂದು ಈ ಪುಟ —