ರುಚಿ ನೋಡದವನ ಮೀನುಸಾರು

ಕಾಸೀಮಬೀಯ ಖಾನಾವಳಿ, ಗಿಣಿಗೇರಾ ಸ್ಟೇಶನ್ ಹತ್ತಿರ
ಗುರುವಾರ, ತಾ. 14-11-1946, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹಾಗಾದರೆ ಮೀನಿನ ಸಾರಿಗೆ ಗುರೆಳ್ಳು ಹುರಿದು ಕುಟ್ಟಿ ಹಾಕಿದವರು ಯಾರು? "ಇಲ್ಲಿ ಕೊಪ್ಪಳದವ್ರು ಯಾರೂ ಇಲ್ಲಂತ ಹೇಳಿಬಿಡು" ಅಂತ ಕಾಸೀಮಬೀಯ ಕೈಯಲ್ಲಿ ಹೇಳಿ ಕಳಿಸಿದೆಯಲ್ಲ, ಯಾರೂ ಇಲ್ಲದಿದ್ದರೆ ಜೋಳದ ರೊಟ್ಟಿಯ ಅಂಚಿಗೆ ಮೂರು ಬೆರಳು ಒತ್ತಿದವರು ಯಾರು? ನಮ್ಮ ಅವ್ವನನ್ನು ಬಿಟ್ಟು ಹಾಗೆ ಒತ್ತುವವರು ಈ ಸೀಮೆಯಲ್ಲಿ ಇನ್ನೊಬ್ಬರಿದ್ದರೆ ತೋರಿಸು, ನಾನು ಈಗಲೇ ಎದ್ದು ಹೋಗುತ್ತೇನೆ. ತಾಟು ಕೊಡುವ ಗೋಡೆಯ ಕಿಂಡಿಯಲ್ಲಿ ನಿನ್ನ ಮುಖ ಕಾಣದಿದ್ದರೂ ಕೈ ಕಾಣುತ್ತದೆ. ಹೆಬ್ಬೆರಳಿನ ಬುಡದಲ್ಲಿ ಎಣ್ಣೆ ಸಿಡಿದ ಕಲೆ ಇದೆ. ನಾನು ಹಟ ಹಿಡಿದು ಮಿರ್ಚಿ ಕರಿಸಿಕೊಂಡ ದಿನ ಸಿಡಿದ ಎಣ್ಣೆ ಅದು. ಬಾಯಿ ಏನು ಬೇಕಾದರೂ ಹೇಳಲಿ, ಕೈ ಸುಳ್ಳು ಹೇಳುವುದಿಲ್ಲ ಅಣ್ಣಾ.

ಇರಲಿ, ಜಗಳ ಆಮೇಲೆ. ನಿನ್ನ ಮೈ ಹೇಗಿದೆ? ನಮ್ಮಿಬ್ಬರ ನಡುವೆ ಒಂದು ಮಣ್ಣಿನ ಗೋಡೆ, ನಾನು ಎಣಿಸಿದ ಹಾಗೆ ಎಂಟು ಹೆಜ್ಜೆ. ಇಷ್ಟು ಹತ್ತಿರ ಕುಳಿತು ಕಾಗದದಲ್ಲಿ ಕ್ಷೇಮ ಕೇಳುವ ಹೊತ್ತು ಯಾರಿಗೂ ಬರಬಾರದು. ಬೆಳಗಿನಿಂದ ನೀನು ಕೆಮ್ಮುವುದು ಕೇಳಿಸುತ್ತಿದೆ. ಹಸಿ ಕಟ್ಟಿಗೆ ಒಟ್ಟಬೇಡಿ ಅಂತ ಕಾಸೀಮಬೀಗೆ ಹೇಳಿದೆ. "ನಾ ಏನ್ ಮಾಡ್ಲೆಪಾ, ಕಟಿಗಿಯಿಂದ ಹಿಡದು ಖಾರಪುಡಿತನಕ ಎಲ್ಲಾ ನಿಮ್ಮಣ್ಣಂದ ಹುಕುಂ. ಈ ಹೋಟ್ಲು ನಂದೋ ಅಂವಂದೋ ನನಗ ತಿಳೀವಲ್ದು" ಅಂದಳು. ಒಳ್ಳೆಯ ಹೆಂಗಸು. ಈ ಹಾಳೆಗಳನ್ನೂ ಆಕೆಯೇ ಹುಡುಕಿಕೊಟ್ಟಳು. ಅಕ್ಷರ ತಪ್ಪಿದ್ದರೆ ನಗಬೇಡ. ಸಾಲಿಯಲ್ಲಿ ಹತ್ತನೆತ್ತೆಯ ತನಕ ಎಲ್ಲಾ ಉರ್ದುವಿನಲ್ಲೇ ನಡೆಯಿತು. ಈ ಕನ್ನಡ ಅಕ್ಷರ ನೀನು ಪರಾತದಲ್ಲಿ ಜೋಳದ ಹಿಟ್ಟು ಹರವಿ, ನನ್ನ ಬೆರಳು ಹಿಡಿದು ಬರೆಸಿದ್ದು. ಅದರಿಂದಲೇ ನಿನಗೆ ಬರೆಯುವಂತಾಯಿತು.

ಮನೆಯ ಸುದ್ದಿ ಹೇಳುತ್ತೇನೆ. ಅಪ್ಪನ ಖಾನಾವಳಿ ಇನ್ನೂ ನಡೆದಿದೆ. ಕೊಪ್ಪಳ ಸ್ಟೇಶನ್ನಿನಲ್ಲಿ ಇಳಿದವರು ಅಭ್ಯಾಸಬಲದಿಂದ ಬರುತ್ತಾರೆ. ಆದರೆ ನೀನು ಹೋದ ಮೇಲೆ ಒಲೆಯ ಮುಂದೆ ಕುಳಿತವರು ಯಾರೂ ಮೂರು ತಿಂಗಳು ನಿಲ್ಲಲಿಲ್ಲ. ಈಗಿನ ಅಡಿಗೆಯವನು ಕದ್ದು ರುಚಿ ನೋಡುತ್ತಾನೆ. ಅಪ್ಪನಿಗೆ ಗೊತ್ತು, ಗೊತ್ತಿದ್ದೂ ಸುಮ್ಮನಿದ್ದಾನೆ. "ಲಿಂಗಕ್ಕ ತೋರಿಸೂದಕ್ಕಿಂತ ಮೊದಲ ನಾಲಿಗಿಗಿ ಹಚ್ಚಿದ್ರ ಅದು ಎಂಜಲ" ಅಂತ ನಮ್ಮಿಬ್ಬರ ಬೆನ್ನಿಗೆ ಬಾರಿಸುತ್ತಿದ್ದವನು ಇವನೇನಾ ಅನ್ನಿಸುತ್ತದೆ. ಆ ಪೆಟ್ಟಿಗೆ ಹೆದರಿಯೇ ಅಲ್ಲವೇ ನೀನು ಅದನ್ನು ಕಲಿತದ್ದು? ಸೌಟನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಬರೀ ಹಬೆಯಲ್ಲೇ ಉಪ್ಪು ಹೆಚ್ಚೋ ಕಡಿಮೆಯೋ ಹೇಳುತ್ತಿದ್ದೆ. ಒಂದು ದಿನವೂ ತಪ್ಪಿರಲಿಲ್ಲ.

ಅವ್ವನ ವಿಷಯ ನಿನ್ನೆ ಕಾಸೀಮಬೀಯ ಕೈಯಲ್ಲಿ ಅರ್ಧ ಹೇಳಿ ಕಳಿಸಿದ್ದೆ, ಪೂರ್ತಿ ಹೇಳಿರಲಿಲ್ಲ. ನೀನು ಹೋದ ದಿನ ಸಂಜೆಯೇ ಅವ್ವ ಉಪ್ಪು ಬಿಟ್ಟಳು. ನಾಲ್ಕು ದಿನದ ಸಿಟ್ಟು, ಹೋಗುತ್ತದೆ ಅಂದುಕೊಂಡೆವು. ನಾಲ್ಕು ವರ್ಷವಾಯಿತು. ರೊಟ್ಟಿಗೆ ಉಪ್ಪಿಲ್ಲ, ಬೇಳೆಗೆ ಉಪ್ಪಿಲ್ಲ, ಮಜ್ಜಿಗೆಗೆ ಉಪ್ಪಿಲ್ಲ. ಈಗ ಕೈಕಾಲು ನಡುಗುತ್ತವೆ, ಎದ್ದು ನಿಂತರೆ ಕಣ್ಣಿಗೆ ಕತ್ತಲು ಬರುತ್ತದೆ. ದಸರೆಯ ಮುಂದೆ ಬಚ್ಚಲಲ್ಲಿ ಬಿದ್ದು ಎಷ್ಟೋ ಹೊತ್ತು ಮಾತಾಡಲಿಲ್ಲ. ಡಾಕ್ಟರು ಬಂದು ನಾಡಿ ಹಿಡಿದು, "ಔಷಧ ಏನೂ ಬ್ಯಾಡ್ರಿ, ಮೊದಲ ಇವ್ರಿಗೆ ಉಪ್ಪು ತಿನ್ನಿಸ್ರಿ, ಇಲ್ಲಾಂದ್ರ ಛಳಿಗಾಲ ದಾಟೂದಿಲ್ಲ" ಅಂದರು. ತಿನ್ನಿಸುವವರು ಯಾರು? "ಅಂವ ಬಂದು ತನ್ನ ಕೈಲೆ ಹಾಕಿದ್ರ ತಿಂತೀನಿ" ಅನ್ನುತ್ತಾಳೆ, ಗೋಡೆಯ ಕಡೆ ಮುಖ ಮಾಡುತ್ತಾಳೆ. ಅಪ್ಪ ಕರಗಿಲ್ಲ ಅಂತಲ್ಲ. ಅವತ್ತು ಪಡಸಾಲೆಯಲ್ಲಿ ನನ್ನನ್ನು ಕೂರಿಸಿಕೊಂಡು, "ಎಲ್ಲೆರ ಸಿಕ್ರ ಬರ್ಲಿ ಅನ್ನು. ಇರ್ಲಿ, ಉಣ್ಲಿ. ಅಡಗಿಮನಿ ಹೊಸ್ತಲಾ ಮಾತ್ರ ದಾಟಬಾರದು, ಮೀನ ಹಿಡದ ಕೈ ಅದು" ಅಂದ. ಅವ್ವನಿಗೆ ನಿನ್ನ ಕೈಯ ಉಪ್ಪೇ ಬೇಕು. ಅಪ್ಪನಿಗೆ ಆ ಕೈ ಒಲೆಯ ಹತ್ತಿರ ಬರಬಾರದು. ಇವರಿಬ್ಬರ ನಡುವೆ ನಿಂತು ನಾನೇನು ಮಾಡಲಿ ಅಣ್ಣಾ? ಒಬ್ಬರಿಗೂ ತಿರುಗಿ ಮಾತಾಡುವ ಧೈರ್ಯ ನನಗಿಲ್ಲ, ನಿನಗೆ ಗೊತ್ತು. ಎದ್ದು ಓಡಾಡುವುದೊಂದೇ ನನಗೆ ಬರುವುದು. ಅದಕ್ಕೇ ಹುಬ್ಬಳ್ಳಿಯಲ್ಲಿ ಕೆಲಸ ನೋಡುತ್ತೇನೆ ಅಂತ ಸುಳ್ಳು ಹೇಳಿ ಗಾಡಿ ಹತ್ತಿದೆ.

ಸಮುದ್ರದ ಮೀನು ಎಲ್ಲಿ ಚೆನ್ನಾಗಿ ಬೇಯುತ್ತದೋ ಅಲ್ಲಿ ನೀನಿರುತ್ತೀ ಅನ್ನುವುದೊಂದೇ ನನ್ನ ಹತ್ತಿರ ಇದ್ದ ಗುರುತು. ಗಾಡಿಯಲ್ಲಿ ಸಿಕ್ಕವರನ್ನೆಲ್ಲ ಕೇಳುತ್ತಿದ್ದೆ, ಒಳ್ಳೆಯ ಮೀನಿನೂಟ ಎಲ್ಲಿ ಸಿಗುತ್ತದೆ ಅಂತ. ಅವರು ನನ್ನ ಹಣೆಯ ವಿಭೂತಿ ನೋಡಿ ನಗುತ್ತಿದ್ದರು. ಎರಡನೆಯ ದಿನದಿಂದ ವಿಭೂತಿ ಒರೆಸಿಕೊಂಡೆ. ಖಾನಾವಳಿಗೆ ಹೋಗಿ ಅಡಿಗೆಯವನನ್ನು ತೋರಿಸಿ ಅಂದರೆ ಯಾರೂ ತೋರಿಸುವುದಿಲ್ಲ. ಕೂಡಬೇಕು, ಉಣ್ಣಬೇಕು, ಹೊಗಳಬೇಕು, ಆಮೇಲೆ ಕೈ ತೊಳೆಯುವ ನೆವದಲ್ಲಿ ಒಳಗೆ ಇಣುಕಬೇಕು. ಹುಬ್ಬಳ್ಳಿಯಲ್ಲಿ ತಾಟಿನೊಳಗಿನ ಬಂಗಡೆ ಒಂದೇ ಕಣ್ಣಿನಿಂದ ನನ್ನನ್ನೇ ನೋಡುತ್ತಿತ್ತು. ಕೊರಳಿನ ಲಿಂಗವನ್ನು ಅಂಗಿಯೊಳಗೆ ಸರಿಸಿ ಒಂದು ಚೂರು ಬಾಯಿಗಿಟ್ಟೆ. ಗಂಟಲಲ್ಲಿ ಮುಳ್ಳು ಸಿಕ್ಕು ಕಣ್ಣೀರು ಬಂತು. ಬಡಿಸುವವನು ಬೆನ್ನಿಗೆ ಗುದ್ದಿ, "ಹೊಸಬ್ರೇನ್ರಿ? ಅಗಿಬ್ಯಾಡ್ರಿ, ಅನ್ನದ ಮುದ್ದಿ ನುಂಗ್ರಿ" ಅಂದ. ಲೋಂಡಾದಲ್ಲಿ ಹುರಿದ ಮೀನು ತಣ್ಣಗಾಗಿ ಚಪ್ಪಲಿಯ ಹಾಗಿತ್ತು. ಕ್ಯಾಸಲ್‌ರಾಕಿನಲ್ಲಿ ಸಾರು ಚೆನ್ನಾಗಿತ್ತು, ಮೀನು ಎಲ್ಲಿದೆ ಅಂತ ಹುಡುಕಬೇಕಾಗಿತ್ತು. ಆದರೆ ವಾಸ್ಕೋದ ಬಂದರಿನ ದಂಡೆಯಲ್ಲಿ ಒಬ್ಬ ವಿಧವೆಯ ಮನೆಯಿದೆಯಲ್ಲ, ಮುಂದೆ ಬಲೆ ಒಣಹಾಕಿರುತ್ತಾರೆ, ನಾಲ್ಕೇ ಬೆಂಚು, ಅಲ್ಲಿ ಉಂಡೆ. ಕಾಯಿ ನುಣ್ಣಗೆ ಅರೆದು, ಕೋಕಮ್ಮಿನ ಹುಳಿ ಬಿಟ್ಟ ಇಸವಾಣ ಮೀನಿನ ಸಾರು. ನಿನ್ನ ಹತ್ತಿರ ಸುಳ್ಳು ಯಾಕೆ, ಎರಡನೆಯ ಸಲ ಅನ್ನ ಹಾಕಿಸಿಕೊಂಡೆ, ಬೆರಳು ನೆಕ್ಕಿದೆ. ಅವ್ವ ಉಪ್ಪಿಲ್ಲದೆ ಮಲಗಿದ್ದಾಳೆ ಅನ್ನುವುದೇ ಒಂದು ಗಳಿಗೆ ಮರೆತಿತ್ತು. ನೆನಪಾದ ಮೇಲೆ ಹೊರಗೆ ಬಂದು ನೀರನ್ನು ನೋಡುತ್ತ ಕುಳಿತೆ. ಅಷ್ಟೊಂದು ನೀರು, ಅದರ ತುಂಬ ಉಪ್ಪು.

ಆಕೆಗೆ ಕನ್ನಡ ಬರದು, ನನಗೆ ಕೊಂಕಣಿ ಬರದು. ಸೌಟನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿ ತೋರಿಸಿದೆ. ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕು, ತಾನೂ ಹಾಗೆಯೇ ಮಾಡಿ ತೋರಿಸಿದಳು. ನೀನು ಅಲ್ಲಿದ್ದೆ ಅಂತ ಗೊತ್ತಾಯಿತು. ಆಮೇಲೆ ಆಕೆ ರೈಲಿನ ಹಳಿಯ ಕಡೆ ಕೈ ಬೀಸಿದಳು. ಹೋದ, ಎಂದೋ ಹೋದ. ಇನ್ನೂ ಹದಿನೈದು ದಿನ ಆ ದಂಡೆಯಲ್ಲಿ ತಿರುಗಿದೆ. ಎಲ್ಲಾ ಸೇರಿ ಹನ್ನೊಂದು ಖಾನಾವಳಿ. ಚಪ್ಪಲಿ ಹರಿಯಿತು, ನೀನು ಸಿಗಲಿಲ್ಲ.

ತಿರುಗಿ ಬರುವಾಗ ಗದಗಿನಲ್ಲಿ ಒಬ್ಬ ಮೇಸ್ತ್ರಿ ಹತ್ತಿದ. ಇಲ್ಲಿ ಹೊಳೆಗೆ ಅಡ್ಡ ಕಟ್ಟೆ ಕಟ್ಟುತ್ತಿದ್ದಾರಲ್ಲ, ಆ ಕೆಲಸಕ್ಕೆ ಕಾಕಿನಾಡದ ಕಡೆಯಿಂದ ಬಂದವನು. ಅಭ್ಯಾಸದ ಹಾಗೆ ಅವನನ್ನೂ ಕೇಳಿದೆ. "ಏಮಯ್ಯಾ, ಸಮುದ್ರದ ಪಕ್ಕ ಹುಟ್ಟಿದೋನು ನಾನು, ಗಿಣಿಗೇರಾದಲ್ಲಿ ತಿಂದಂಥಾ ಮೀನು ನಮ್ಮಮ್ಮನೂ ಮಾಡಿಲ್ಲ. ಅಡಿಗೆಯೋನು ಮಾತ್ರ ಹುಚ್ಚ, ಒಂದು ಸಲಾನೂ ಬಾಯಿಗಿಟ್ಟು ನೋಡಲ್ಲ" ಅಂದ. ಕೊಪ್ಪಳ ಬಂತು. ಕಿಟಕಿಯಿಂದ ನಮ್ಮ ಖಾನಾವಳಿಯ ಹೊಗೆ ಕಂಡಿತು. ಪ್ಲಾಟ್‌ಫಾರ್ಮಿನಲ್ಲಿ ನಿನ್ನ ಗೆಳೆಯ ಮಕ್ಬುಲಸಾಬ ಗೋವೆಯ ಮೀನಿನ ಪೆಟ್ಟಿಗೆ ಇಳಿಸುತ್ತಿದ್ದ. ಇಂಥದೇ ಪೆಟ್ಟಿಗೆಯ ಎರಡು ಮೀನು ಅವನ ಮನೆಯಲ್ಲಿ ನೀನು ಮೊದಲ ಸಲ ಬೇಯಿಸಿದ್ದು. ತಿನ್ನಲಿಕ್ಕಲ್ಲ, ಅದು ಹೇಗೆ ಬೇಯುತ್ತದೆ ಅಂತ ನೋಡಲಿಕ್ಕೆ. ಅಪ್ಪನಿಗೆ ಸುದ್ದಿ ಮುಟ್ಟಿ ನಿನ್ನ ಪಾತ್ರೆಗಳು ಬೀದಿಗೆ ಬಿದ್ದ ದಿನ, ಹೇಳಿದವನು ಮಕ್ಬುಲಸಾಬನೇ ಅಂತ ತಿಳಿದು, ನೀನು ಎಲ್ಲರೆದುರು ಅವನಿಗೆ "ಇನ್ನ ನಿನ್ನ ಮಾರಿ ನೋಡೂದಿಲ್ಲ" ಅಂದು ಗಾಡಿ ಹತ್ತಿದೆ. ನಾಲ್ಕು ವರ್ಷದಿಂದ ನನ್ನನ್ನು ಕಂಡಾಗಲೆಲ್ಲ ಅವನು ಕೇಳುವುದು ಒಂದೇ, "ಅಣ್ಣಂದು ಏನರ ಕಾಗದ ಬಂತೇನಪಾ?" ನಿನ್ನೆಯೂ ಕೇಳುತ್ತಾನೆ ಅಂತ ತಲೆ ಒಳಗೆಳೆದುಕೊಂಡೆ. ಇಳಿಯಲಿಲ್ಲ. ಮುಂದಿನ ಸ್ಟೇಶನ್ನಿನಲ್ಲಿ ಇಳಿದೆ. ಸಮುದ್ರದ ತನಕ ಹೋಗಿ ಬಂದವನಿಗೆ ನೀನು ಸಿಕ್ಕಿದ್ದು ಮನೆಯಿಂದ ಒಂದೇ ಸ್ಟೇಶನ್ ಆಚೆ. ಇದಕ್ಕೆ ನಗಬೇಕೋ ಅಳಬೇಕೋ ಹೇಳು.

ಕಾಸೀಮಬೀ ಎಲ್ಲಾ ಹೇಳಿದಳು. "ಒಂದೂವರಿ ವರ್ಷ ಆತು. ಊರ ಮಂದೀಗೆಲ್ಲಾ ಮೀನ ಉಣಿಸ್ತಾನ, ತಾ ಮಾತ್ರ ಜಳಕಾ ಮಾಡಿ, ಹಿತ್ತಲಾಗ ಬ್ಯಾರೆ ಒಲಿ ಹೂಡಿ ರೊಟ್ಟಿ ಮಾಡ್ಕೊಂಡು ಉಣ್ತಾನ. ಎಷ್ಟ್ ಹೇಳಿದ್ರೂ ಒಂದ್ ಚೂರು ತಿಂದಾಂವಲ್ಲ" ಅಂದಳು. ಕೇಳಿ ನನಗೆ ತಲೆ ಎತ್ತಲಾಗಲಿಲ್ಲ. ಮನೆಯಿಂದ ಹೊರಗಾದ ನಿನ್ನ ನಾಲಿಗೆಗೆ ಇವತ್ತಿನ ತನಕ ಮೀನು ತಗುಲಿಲ್ಲ. ಹನ್ನೊಂದು ಕಡೆ ತಿಂದ ನಾನು ನಾಳೆ ಮನೆಗೆ ಹೋಗಿ, ನೆಟ್ಟಗೆ ಅಡುಗೆಮನೆಗೆ ನುಗ್ಗಿ, ಕೊಡದಿಂದ ನೀರು ಬಗ್ಗಿಸಿ ಕುಡಿಯಬಹುದು. ಯಾರೂ ತಡೆಯುವುದಿಲ್ಲ.

ನಿನ್ನೆ ಮಧ್ಯಾಹ್ನ ನಿನ್ನ ಸಾರು ಉಂಡೆ. ವಾಸ್ಕೋದ ವಿಧವೆ ಎರಡನೆಯವಳಾದಳು. ಉಂಡಾದ ಮೇಲೆ, "ಅವ್ವ ನಾಲ್ಕು ವರ್ಷದಿಂದ ಉಪ್ಪು ಬಿಟ್ಟಾಳ, ಅಂವನ ಕೈಲೆ ಹಾಕಿದ್ರ ತಿಂತಾಳಂತ" ಅಂತ ಅಷ್ಟು ಹೇಳಿ ಕಳಿಸಿದೆ. ಕೊಪ್ಪಳದವರು ಯಾರೂ ಇಲ್ಲ ಅನ್ನುವ ಮಾತು ಬಂತು. ಹಿಂದೆಯೇ ಅಗಳಿ ಹಾಕಿಕೊಂಡ ಸಪ್ಪಳ ಕೇಳಿಸಿತು. ಪ್ಲಾಟ್‌ಫಾರ್ಮಿನಲ್ಲಿ ಮಲಗಿ ಎದ್ದು, ಇವತ್ತು ಮತ್ತೆ ಬಂದು ಕುಳಿತೆ. ಕಟ್ಟೆಯ ಕೆಲಸದವರು ಇಪ್ಪತ್ತು ಮೂವತ್ತು ಜನ ಕುಳಿತಿದ್ದರು. ಮೊದಲ ತುತ್ತಿಗೇ ಗದ್ದಲ ಎದ್ದಿತು. "ಏ ಕಾಸೀಮಬೀ, ಇವತ್ತ ಉಪ್ಪ ಹಾಕೂದ ಮರತೀರೇನು?" "ನಿಮ್ಮ ಅಡಗ್ಯಾಂವಗ ಮದುವಿ ಗೊತ್ತಾಗೇತೇನ್ರೀ?" ಕಾಸೀಮಬೀ ಕಿಂಡಿಯ ಹತ್ತಿರ ಓಡಿದಳು, ತಿರುಗಿ ಬಂದವಳ ಮುಖ ಬಿಳುಚಿತ್ತು. ಹದಿನೆಂಟು ತಿಂಗಳಲ್ಲಿ ಒಂದು ದಿನ ಹೀಗಾಗಿಲ್ಲವಂತೆ. ಎಲ್ಲರೂ ಬಟ್ಟಲಿನ ಉಪ್ಪಿಗೆ ಕೈ ಚಾಚಿದರು. ನಾನು ಚಾಚಲಿಲ್ಲ. ನೀನು ಮರೆತೆಯೋ, ಕೈ ಏಳಲಿಲ್ಲವೋ, ನನಗೆ ಗೊತ್ತಿಲ್ಲ, ಕೇಳುವುದೂ ಇಲ್ಲ. ಉಪ್ಪಿಲ್ಲದ ಆ ಸಾರನ್ನು ಹಾಗೆಯೇ, ಅವ್ವ ಉಣ್ಣುವ ಹಾಗೆ, ಒಂದು ಅಗುಳೂ ಬಿಡದೆ ಉಂಡೆ. ಅವ್ವ ಹೇಗೆ ನಾಲ್ಕು ವರ್ಷ ನುಂಗಿದಳು ಅಣ್ಣಾ? ನನಗೆ ಒಂದು ಹೊತ್ತು ಸಾಕಾಯಿತು.

ನೀನು ಮನೆಗೆ ಬಾ ಅನ್ನುವುದಿಲ್ಲ. ಹೊಸ್ತಿಲು ದಾಟಗೊಡದ ಅಡುಗೆಮನೆಯ ಹೊರಗೆ ನಿನ್ನನ್ನು ಕೂರಿಸಿ ನೋಡುವ ಶಕ್ತಿ ನನಗೂ ಇಲ್ಲ. ಅಪ್ಪನ ಮನಸ್ಸು ತಿರುಗಿಸುವುದು ನನ್ನಿಂದ ಆಗುವುದಿಲ್ಲ. ಒಂದೇ ಒಂದು ಕೇಳುತ್ತೇನೆ. ನಿನ್ನ ಕೈಯಿಂದ ಒಂದು ಹಿಡಿ ಉಪ್ಪು ತೆಗೆದು ಚೂರು ಬಟ್ಟೆಯಲ್ಲಿ ಕಟ್ಟಿ ಕಾಸೀಮಬೀಯ ಕೈಗೆ ಕೊಡು. ಐದರ ಗಾಡಿಯ ತನಕ ನಾನು ಸ್ಟೇಶನ್ನಿನ ಬೇವಿನ ಗಿಡದ ಕೆಳಗೆ ಇರುತ್ತೇನೆ, ಆಕೆ ತಂದುಕೊಡುತ್ತಾಳೆ. ಅದನ್ನು ಅವ್ವನ ಉಡಿಗೆ ಹಾಕಿ, ಅಣ್ಣ ಕೊಟ್ಟದ್ದು ಅನ್ನುತ್ತೇನೆ. ನಂಬುತ್ತಾಳೋ ಇಲ್ಲವೋ ದೇವರಿಗೆ ಗೊತ್ತು. ನಂಬಿಸಲು, ಗಂಟನ್ನು ನೀನು ಬುತ್ತಿ ಕಟ್ಟುವ ಹಾಗೆ ಎಡಗೈ ಗಂಟು ಹಾಕು. ಅದನ್ನು ಬಿಚ್ಚಲು ಬರುವುದು ಆಕೆಗೊಬ್ಬಳಿಗೇ.

ಒಲೆಯ ಮುಂದೆ ಹೆಚ್ಚು ಹೊತ್ತು ಕೂಡಬೇಡ, ಕೆಮ್ಮಿಗೆ ಮೆಣಸು ಬೆಲ್ಲ ಕುದಿಸಿ ಕುಡಿ. ನೀನು ಗಟ್ಟಿಯಾಗಿರು, ಅವ್ವನ ಆಯುಷ್ಯಕ್ಕೂ ನಿನ್ನದಕ್ಕೂ ಬಸವಣ್ಣ ಕಾವಲಿರಲಿ. ಗೋಡೆಯ ಈಚೆಯಿಂದಲೇ ನಿನ್ನ ಪಾದ ಮುಟ್ಟಿ ಶರಣು ಮಾಡುವ,

ನಿನ್ನ ತಮ್ಮ
ಹಂಪಣ್ಣ

ತಾ.ಕ.: ಹೊತ್ತಾಯಿತು, ಗಡಬಡಿಸಿ ಬರೆಯುತ್ತಿದ್ದೇನೆ. ಅಪ್ಪನಿಗೆ ಹೇಳಿದವನು ಮಕ್ಬುಲಸಾಬ ಅಲ್ಲ, ನಾನು. ಹತ್ತನೆತ್ತೆಯಲ್ಲಿ ನಾಪಾಸಾದ ದಿನ ಅಪ್ಪ ಬಾರುಕೋಲು ಹಿಡಿದು ನಿಂತಿದ್ದ. ಹೆದರಿಕೆಗೆ, "ನನ್ನಷ್ಟ ಯಾಕ ಬಡೀತಿ, ಅಣ್ಣ ಮಕ್ಬುಲಸಾಬನ ಮನ್ಯಾಗ ಮೀನ ಕುದಿಸಾಕತ್ತಾನ" ಅಂದುಬಿಟ್ಟೆ. ಬಾರುಕೋಲು ಅವನ ಕೈಯಿಂದ ಬಿತ್ತು. ಮತ್ತೆಂದೂ ಅದು ನನ್ನ ಮೈಗೆ ಬೀಳಲಿಲ್ಲ. ನಿನ್ನ ಮುಖ ನೋಡಿ ಇದನ್ನು ಹೇಳಬೇಕೆಂದೇ ಸಮುದ್ರದ ತನಕ ಹೋದೆ. ನೀನು ಕದ ಹಾಕಿಕೊಂಡದ್ದು ಒಳ್ಳೆಯದಾಯಿತು, ನನ್ನಿಂದ ಆಗುತ್ತಿರಲಿಲ್ಲ. ಉಪ್ಪು ಕೇಳುವ ಮೊದಲೇ ಇದನ್ನು ಬರೆಯಬೇಕಿತ್ತು. ಓದಿದ ಮೇಲೂ ನಿನ್ನ ಕೈ ಉಪ್ಪಿನ ಗಡಿಗೆಗೆ ಹೋದರೆ ಹೋಗಲಿ. ಕಾಗದ ಕಿಂಡಿಯಲ್ಲಿಟ್ಟು ಏಳುತ್ತೇನೆ. ಹೊರಗಿನ ಕದ ಎಳೆದುಕೊಂಡ ಸಪ್ಪಳ ಕೇಳಿಸಿದರೆ ನಾನು ಹೋದೆ ಅಂತ ತಿಳಿ. ಆಗ ಅಗಳಿ ತೆಗೆ.