ಹನುಮಮ್ಮನ ಬುಟ್ಟಿ, ಸದ್ದಿಲ್ಲದ ಕ್ಯಾಮೆರಾ

ಸೆಪ್ಟೆಂಬರ್ 12, ಶುಕ್ರವಾರ. ಶಿಕಾರಿಪುರ

‘ಕಂಡದ್ದು ಕೈಗೆ ದಕ್ಕುವ ಗಳಿಗೆ ಕಣ್ಣು ಕತ್ತಲು...’ ಮುಂದೇನಿತ್ತು? ಬೆಳಿಗ್ಗೆ ಒಗ್ಗರಣೆ ಹಾಕುವಾಗಿನಿಂದ ಇಷ್ಟೇ ಸುತ್ತುತ್ತಿದೆ. ಎಂ.ಎ. ಓದುವಾಗ ಹಾಸ್ಟೆಲಿನ ಗೋಡೆಪತ್ರಿಕೆಯಲ್ಲಿ ಯಾರೋ ಬರೆದಿದ್ದರು. ಹೆಸರು ಹಾಕಿರಲಿಲ್ಲ. ಆಗ ದೊಡ್ಡ ಸಾಲು ಅನಿಸಿತ್ತು. ಈಗ ಅನುಮಾನ. ದಕ್ಕುವ ಗಳಿಗೆಯಲ್ಲೇ ಯಾಕೆ ಕತ್ತಲಾಗಬೇಕು? ಚೆಂದಕ್ಕೆ ಹೇಳಿದ ಮಾತಲ್ಲವೇ?

ನನ್ನ ಹಳೆಯ ಕ್ಯಾಮೆರಾದ ಮಟ್ಟಿಗಂತೂ ನಿಜ. ಗುಂಡಿ ಒತ್ತಿದೊಡನೆ ಒಳಗಿನ ಕನ್ನಡಿ ಮೇಲೇಳುತ್ತದೆ. ನೋಡುವ ಕಿಂಡಿ ಕಪ್ಪು. ಟಕ್. ಮತ್ತೆ ಬೆಳಕು. ಹನ್ನೊಂದು ವರ್ಷ ಫೋಟೋ ತೆಗೆದಿದ್ದೇನೆ, ಫೋಟೋ ಆಗುವ ಆ ಚೂರು ಹೊತ್ತನ್ನು ಒಮ್ಮೆಯೂ ನೋಡಿಲ್ಲ.

ಈಗ ಆ ಕನ್ನಡಿ ಮೂರು ಸಲಕ್ಕೊಮ್ಮೆ ಮೇಲೆದ್ದು ಅಲ್ಲೇ ನಿಲ್ಲುತ್ತಿದೆ. ಬಿಡಿಭಾಗ ಸಿಗುವುದಿಲ್ಲವೆಂದು ರಿಪೇರಿಯವನು ಕೈಚೆಲ್ಲಿದ. ಸಂಜೆ ಮತ್ತೆ ಆ ಹೊಸ ಕ್ಯಾಮೆರಾದ ರಿವ್ಯೂ ನೋಡುತ್ತ ಕುಳಿತೆ... ಎಷ್ಟನೆಯದೋ. ಫುಲ್ ಫ್ರೇಮ್, ಒಳಗೆ ದೊಡ್ಡ ಸೆನ್ಸರ್. ಮಿರರ್‌ಲೆಸ್, ಅಂದರೆ ಕನ್ನಡಿಯೇ ಇಲ್ಲ. ಅಂಗೈಯಷ್ಟೇ ಅಗಲ. ಬೆಲೆಯನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಿರ್ಧಾರ ಇಲ್ಲೇ ಆಗಿಹೋಗುತ್ತದೆ.

ಸೆಪ್ಟೆಂಬರ್ 14, ಭಾನುವಾರ

ಹಳೆಯದನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟೆ. ಲೆನ್ಸ್ ಸೇರಿ ಒಂದೂಕಾಲು ಕೆಜಿ. ಹೊಸದು ಅರ್ಧ ಕೆಜಿಯೂ ಇಲ್ಲವಂತೆ. ಬಲಭುಜ ಹಿಡಿದುಕೊಂಡು ಎರಡು ವರ್ಷ. ಕಾಲೇಜಿನಲ್ಲಿ ಬೋರ್ಡಿನ ಮೇಲೆ ಬರೆಯುವುದೇ ಕಷ್ಟ. ಹುಡುಗಿಯರ ಕೈಯಲ್ಲೇ ಬರೆಸುತ್ತೇನೆ.

ಭುಜ ಒಂದು ನೆಪ. ನಿಜವಾದ ಕಾರಣ ಹನುಮಮ್ಮ. ಸೊರಬದ ಕಡೆ, ಕುಬಟೂರಿನಾಚೆಯ ಅವರ ಮನೆಗೆ ಆರು ವರ್ಷದಿಂದ ಹೋಗುತ್ತಿದ್ದೇನೆ. ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುವ ಬುಟ್ಟಿಯ ಮೇಲೆ ಅವರು ಚಿತ್ತಾರ ಬರೆಯುತ್ತಾರೆ. ಪ್ರತಿ ವರ್ಷ ಅದೇ ಬುಟ್ಟಿ. ಹೋದ ವರ್ಷದ ಚಿತ್ತಾರದ ಮೇಲೆ ಕೆಮ್ಮಣ್ಣು ಬಳಿದು, ಒಣಗಿಸಿ, ಅಕ್ಕಿ ಅರೆದ ಬಿಳಿಯಲ್ಲಿ ಹೊಸದು. ಹಳೆಯದೆಲ್ಲ ಒಂದರಡಿ ಒಂದು ಹೂತುಹೋಗಿವೆ. ಉಳಿದಿರುವುದು ನನ್ನ ಫೋಟೋಗಳಲ್ಲಿ ಮಾತ್ರ.

ಬರೆಯುವುದು ಒಳಕೋಣೆಯಲ್ಲಿ. ಬಾಗಿಲಿನಿಂದ ಬರುವಷ್ಟೇ ಬೆಳಕು. ಫ್ಲ್ಯಾಶ್ ಹಾಕಿದರೆ ಮಣ್ಣಿನ ಬಣ್ಣ ಸಾಯುತ್ತದೆ. ಅದಕ್ಕೇ ಮೊದಲ ವರ್ಷವೇ ಕೇಳಿಕೊಂಡಿದ್ದೆ: ಒಂದೊಂದು ಗೆರೆ ಆದಮೇಲೆ ಒಂಚೂರು ಕೈ ನಿಲ್ಲಿಸಿ, ಇಲ್ಲದಿದ್ದರೆ ಮಸುಕಾಗುತ್ತದೆ. ಅಂದಿನಿಂದ ಗೆರೆ ಎಳೆದು ನಿಲ್ಲುತ್ತಾರೆ, ಟಕ್ ಎಂದಮೇಲೆ ಮುಂದಿನ ಗೆರೆ. ಇಬ್ಬರಿಗೂ ರೂಢಿಯಾಗಿದೆ.

ಈ ಹೊಸದಕ್ಕೆ ಮಬ್ಬಿನಲ್ಲೂ ಕಾಣುತ್ತದಂತೆ. ಯಾರನ್ನೂ ನಿಲ್ಲಿಸಬೇಕಾಗಿಲ್ಲ.

ಸೆಪ್ಟೆಂಬರ್ 21, ಭಾನುವಾರ. ಸೊರಬದಿಂದ ಬಂದಮೇಲೆ

ಬಸ್ ಸ್ಟ್ಯಾಂಡ್ ಹಿಂದಿನ ಅನಂತನ ಸ್ಟುಡಿಯೋ. ದೂರದ ಸಂಬಂಧದಲ್ಲಿ ತಮ್ಮನಾಗಬೇಕು. ಪಿತೃಪಕ್ಷ, ಮದುವೆಗಳಿಲ್ಲ, ನೊಣ ಹೊಡೆಯುತ್ತ ಕುಳಿತಿದ್ದ. ನಾನು ತಿಂಗಳಿಂದ ವೀಡಿಯೋದಲ್ಲಿ ನೋಡುತ್ತಿದ್ದ ಆ ಕ್ಯಾಮೆರಾ ಅವನ ಕಪಾಟಿನಲ್ಲೇ ಇತ್ತು!

“ತಗೊಂಡು ಕೆಟ್ಟೆ ವೇದಕ್ಕ. ಫೋಟೋ ಭಾರಿ ಬರುತ್ತೆ. ಆದ್ರೆ ಇಷ್ಟು ಸಣ್ಣದು ಹಿಡ್ಕೊಂಡು ಮದುವೆಗೆ ಹೋದ್ರೆ ಬೀಗರು ‘ಫೋಟೋಗ್ರಾಫರ್ ಇನ್ನೂ ಬಂದಿಲ್ವಾ’ ಅಂತ ನನ್ನನ್ನೇ ಕೇಳ್ತಾರೆ.”

“ಮತ್ತೆ ಯಾಕೆ ಇಟ್ಕೊಂಡಿದೀಯ?”

“ನಿಮ್ಮಂಥೋರು ಬರ್ಲಿ ಅಂತ. ಹುಣ್ಣಿಮೆ ತನಕ ಇಟ್ಕಳಿ. ಬೇಕಂದ್ರೆ ನಿಮ್ಗೊಂದು ಹೊಸದು ತರಿಸ್ತೀನಿ, ಬ್ಯಾಡ ಅಂದ್ರೆ ಇದನ್ನ ತಂದ್ಕೊಡಿ.”

ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಬಂದೆ. ಮಡಿಲಲ್ಲಿ ಏನೂ ಇಲ್ಲವೇನೋ ಎಂದು ಎರಡು ಸಲ ಮುಟ್ಟಿ ನೋಡಿಕೊಂಡೆ.

ಸೆಪ್ಟೆಂಬರ್ 26, ಶುಕ್ರವಾರ

ಪಕ್ಕದ ಮನೆಯ ರಮಾಬಾಯಿ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದರು. ನಮ್ಮ ಕಿಟಕಿಯಿಂದ ತೆಗೆದೆ, ಏಳೆಂಟು. ಸದ್ದೇ ಇಲ್ಲ. ಅವರು ತಲೆ ಎತ್ತಲಿಲ್ಲ. ಮುಖದ ಒಂದೊಂದು ಗೆರೆಯೂ ಬಂದಿದೆ, ಯಾರೂ ನೋಡುತ್ತಿಲ್ಲವೆಂದು ಸಡಿಲಬಿಟ್ಟ ತುಟಿಯೂ. ಇಷ್ಟು ಒಳ್ಳೆಯ ಮುಖ ನಾನು ತೆಗೆದೇ ಇಲ್ಲ.

ತೋರಿಸೋಣವೆಂದು ಹೋದವಳು ಗೇಟಿನ ಹತ್ತಿರ ನಿಂತೆ. ಏನೆಂದು ತೋರಿಸುವುದು? ಹಿಂದಕ್ಕೆ ಬಂದು ಅಳಿಸಿದೆ.

ಹಳೆಯದರ ಸದ್ದಿಗೆ ಎಷ್ಟು ಬೈದಿದ್ದೇನೆ. ಅದು ‘ತೆಗೆಯುತ್ತಿದ್ದೇನೆ’ ಎಂದು ಕೊನೇಪಕ್ಷ ಹೇಳುತ್ತಿತ್ತು.

ಅಕ್ಟೋಬರ್ 4, ಶನಿವಾರ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಹತ್ತು ಗಂಟೆಗೆ ಹನುಮಮ್ಮನ ಮನೆ. ಬುಟ್ಟಿಗೆ ಕೆಮ್ಮಣ್ಣು ಬಳಿದು ಒಣಗಿಸಿಯಾಗಿತ್ತು. ಮಗ ಮಾಳೇಶ ಗದ್ದೆಗೆ ಹೋಗಿದ್ದ. ಸೊಸೆ ತೃಪ್ತಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಹನುಮಮ್ಮ ಒಳಕೋಣೆಯಲ್ಲಿ ಬುಟ್ಟಿಯನ್ನು ತೊಡೆಗಾನಿಸಿ ಕುಳಿತು ಪುಂಡಿನಾರಿನ ಕುಂಚ ಅದ್ದಿದರು. ಮೊದಲ ಗೆರೆ. ಕೈ ನಿಂತಿತು. ತೆಗೆದೆ. ಕಿಂಡಿ ಕಪ್ಪಾಗಲಿಲ್ಲ, ಆ ಗಳಿಗೆಯನ್ನು ಮೊದಲ ಸಲ ಕಣ್ಣಾರೆ ಕಂಡೆ. ಅದರ ಖುಷಿಯಲ್ಲೇ ಇದ್ದೆ.

ಅವರು ಕೈ ಎತ್ತಲಿಲ್ಲ. ಕುಂಚ ಬುಟ್ಟಿಯ ಮೇಲೆ ಹಾಗೇ. ನಾನು ಮತ್ತೆ ತೆಗೆದೆ. ಮತ್ತೆ. ಅವರು ಕಾಯುತ್ತಿದ್ದಾರೆಂದು ಹೊಳೆಯಲೇ ಇಲ್ಲ. ಕುಂಚದ ತುದಿಯಲ್ಲಿ ಹಿಟ್ಟು ತುಂಬಿ, ತೂಗಿ, ಬಿತ್ತು. ಕೆಂಪಿನ ಮೇಲೆ ರೂಪಾಯಿಯಗಲದ ಬಿಳಿ.

“ತೆಗ್ಯಲಿಲ್ವಾ ಅಕ್ಕೋರೇ ಇನ್ನೂ?”

“ತೆಗೆದೆ ಹನುಮಮ್ಮಾ. ಇದು ಸದ್ದು ಮಾಡೋದಿಲ್ಲ. ಹೇಳೋಕೆ ಮರೆತೆ... ಹನಿ ಬಿತ್ತಲ್ಲ.”

“ಹೌದಾ? ಎಲ್ಲಿ ಬಿತ್ತು?”

ಅವರ ಮೂಗಿನಿಂದ ಒಂದು ಗೇಣು ದೂರದಲ್ಲಿತ್ತು ಅದು.

“ನಿಮ್ಮ ಮುಂದೇ ಇದೆಯಲ್ಲ,” ಎಂದೆ. ನನಗೆ ಗೊತ್ತಾಯಿತೆಂದು ಅವರಿಗೂ ಗೊತ್ತಾಯಿತು. ಬೆರಳಿನಿಂದ ತಡವಿ, ಒದ್ದೆ ಹುಡುಕಿ, ಅದರ ಸುತ್ತ ಸಣ್ಣ ಗೆರೆ ಎಳೆದು ಕಾಳು ಮಾಡಿದರು. ಅವರ ಮನೆಯಲ್ಲಿ ಬಿದ್ದದ್ದನ್ನು ಒರೆಸುವುದಿಲ್ಲ. ಶುರುಮಾಡಿದವರೇ ಮುಗಿಸಬೇಕು, ಬುಟ್ಟಿಗೆ ಇನ್ನೊಬ್ಬರ ಕೈ ಸೋಕಬಾರದು. ಹಾಗೆಂದು ಅವರೇ ಯಾವಾಗಲೋ ಹೇಳಿದ್ದರು.

“ಬಲಗಣ್ಣು ಹೋದ ದೀಪಾವಳಿಗೇ ಮಂಜಾತು. ಎಡಗಣ್ಣಾಗೆ ನಿಮ್ ಸೀರೆ ಬಣ್ಣ ಕಾಣ್ತದೆ, ಮುಖ ಇಲ್ಲ.” ಬಾಗಿಲ ಕಡೆ ಕಿವಿಗೊಟ್ಟು ಇನ್ನೂ ಮೆಲ್ಲಗೆ: “ಪೊರೆ ಅಂದ್ರು ಡಾಕ್ಟ್ರು. ಕೊಯ್ಸಿದ್ರೆ ಬಗ್ಗಂಗಿಲ್ಲ, ಹೊಗೆಗೆ ಹೋಗಂಗಿಲ್ಲ. ಬುಟ್ಟಿ ಯಾರು ಬರೀಬೇಕು? ಹುಣ್ಣಿಮೆ ಕಳೀಲಿ, ನಾನೇ ಹೇಳ್ತೀನಿ. ಇಲ್ಲೀತಂಕ ನಿಮ್ ಟಕ್ ಅನ್ನೋದು ಕೇಳ್ಕೊಂಡೇ ಎಲ್ಲಿದೀರಿ ಅಂತ ತಿಳೀತಿದ್ದೆ. ಸೊಸಿಗೆ ಹೇಳ್ಬ್ಯಾಡಿ, ಹಾಂ?”

ಅರ್ಧ ಬುಟ್ಟಿ ಮುಗಿಯಿತು. ಸೋಮವಾರ ಉಳಿದದ್ದು.

ಅಕ್ಟೋಬರ್ 5, ಭಾನುವಾರ

ಫೋಟೋಗಳನ್ನು ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ನೋಡಿದೆ. ಮಾಡಬಾರದಿತ್ತು. ಚಿತ್ತಾರದ ಏಣಿಯ ಮೆಟ್ಟಿಲು ಪಕ್ಕದ ಪಟ್ಟಿಗೆ ಮುಟ್ಟಿಲ್ಲ. ತೆನೆ ಕಾಂಡದಿಂದ ಬೇರೆಯಾಗಿ ನಿಂತಿದೆ. ಅಂಚಿನ ಎರಡು ಗೆರೆ ಮೂಲೆಯಲ್ಲಿ ಒಂದನ್ನೊಂದು ತಪ್ಪಿಸಿಕೊಂಡಿವೆ. ಹೋದ ವರ್ಷದ್ದನ್ನೂ ತೆರೆದೆ. ಅದರಲ್ಲೂ ಇದ್ದಿರಬಹುದು. ಹಳೆಯ ಕ್ಯಾಮೆರಾದ ಮಸುಕಿನಲ್ಲಿ ಗೊತ್ತಾಗುವುದಿಲ್ಲ.

ಇಷ್ಟು ಸ್ಪಷ್ಟವಾಗಿ ಕಾಣಲೆಂದೇ ಅಲ್ಲವೇ ಈ ಯಂತ್ರದ ಹಿಂದೆ ಬಿದ್ದಿದ್ದು?

ಹನ್ನೊಂದಕ್ಕೆ ತೃಪ್ತಿಯ ಫೋನು.

“ಮೇಡಂ, ನಿನ್ನೆದು ಫೋಟೋ ವಾಟ್ಸಾಪ್ ಮಾಡ್ರೀ. ನಮ್ಮನೆಯವ್ರು ನೋಡ್ಬೇಕಂತೆ. ಅತ್ತೆ ಒಳಗೆ ಬಾಗ್ಲು ಮುಂದ್ ಮಾಡ್ಕೊಂಡು ಬರೀತಾರೆ, ನೋಡಾಕೆ ಬಿಡಲ್ಲ. ಕೈ ಸರಿ ಇಲ್ಲ ಅಂತ ಹೋದ್ವರ್ಷನೇ ಮಾತಾಗಿತ್ತು.”

“ಸರಿ ಇಲ್ಲದಿದ್ದರೆ?”

“ಸಾಗರದಾಗೆ ಬರೆದಿಟ್ಟ ಬುಟ್ಟೀನೇ ಸಿಗ್ತವಲ್ರೀ. ನಾಳೆ ಸಂಜೆ ತಂದ್ಬಿಡ್ತೀನಿ ಅಂತಾರೆ. ಅತ್ತಿಗೆ ಯಾಕೆ ಸುಮ್ನೆ ತ್ರಾಸು.”

ಕಾರ್ಡು ಓದುತ್ತಿಲ್ಲ, ಏನೋ ತೊಂದರೆ ಎಂದೆ. ಸುಳ್ಳು. ಎರಡು ದಶಕ ಪಾಠ ಹೇಳಿದ ಗಂಟಲಿನಲ್ಲಿ ಎಷ್ಟು ಸಲೀಸಾಗಿ ಬಂತು.

ಹುಣ್ಣಿಮೆ ಕಳೆದಮೇಲೆ ಸಿಕ್ಕಿದ್ದರೂ ಆಗುತ್ತಿತ್ತು ಈ ಕ್ಯಾಮೆರಾ. ಎರಡು ವಾರ ಕೈಯಲ್ಲಿತ್ತು. ಮೆನು, ಬಟನ್ನು ಎಲ್ಲ ಕಲಿತೆ. ಒಂದು ಫೋನ್ ಮಾಡಿ ‘ಹನುಮಮ್ಮಾ, ಇದು ಸದ್ದು ಮಾಡೋದಿಲ್ಲ’ ಎನ್ನುವುದೊಂದು ತಲೆಗೆ ಬರಲಿಲ್ಲ.

ಅಕ್ಟೋಬರ್ 6, ಸೋಮವಾರ. ಸಂಜೆ, ಬಸ್ಸಿನಲ್ಲಿ

ಅಕ್ಷರ ಕುಣಿಯುತ್ತಿದೆ. ಮನೆ ಮುಟ್ಟುವವರೆಗೆ ಕಾಯಲಾರೆ.

ಕಾಲೇಜಿಗೆ ಅರ್ಧ ದಿನದ ರಜೆ. ಮೆನುವಿನಲ್ಲಿ ಒಂದು ಉಪಾಯ ಸಿಕ್ಕಿತ್ತು: ಸದ್ದು ಬೇಕೆಂದರೆ ಪುಟ್ಟ ಸ್ಪೀಕರಿನಿಂದ ಕೃತಕ ಸದ್ದು ಮಾಡುತ್ತದೆ. ಜೋರಿಗೆ ಇಟ್ಟುಕೊಂಡು ಹೋದೆ. ಹನುಮಮ್ಮ ಗೆರೆ ಎಳೆದರು, ನಿಂತರು, ನಾನು ಒತ್ತಿದೆ. ಲೊಚ್.

ಅವರು ಕುಂಚ ಕೆಳಗಿಟ್ಟು ನೆಲಕ್ಕೆ ಬೆರಳು ಬಡಿದರು. “ಕೃಷ್ಣ ಕೃಷ್ಣ... ಹಲ್ಲಿ ನುಡೀತು ಅಕ್ಕೋರೇ. ಯಾವ ದಿಕ್ಕಿಂದ ಬಂತು?”

ಮತ್ತೊಂದು ಗೆರೆ. ಲೊಚ್. ಮತ್ತೆ ಕುಂಚ ಕೆಳಗೆ. ಮೂರನೆಯದಕ್ಕೆ ನನಗೆ ನಗು ತಡೆಯಲಾಗಲಿಲ್ಲ, ಹೇಳಿಬಿಟ್ಟೆ. ಅವರೂ ನಕ್ಕರು. “ಥೋ, ಅದನ್ನ ಆರಿಸ್ರಿ ಅತ್ಲಾಗೆ. ಹಬ್ಬದ ಬುಟ್ಟಿಗೆ ಸುಳ್ಳು ಹಲ್ಲಿ!”

ಸದ್ದು ಆರಿಸಿದೆ. ಮತ್ತೇನು ಮಾಡುವುದು? ಪ್ರತಿ ಸಲ ತೆಗೆದಮೇಲೆ ಬಾಯಲ್ಲೇ ‘ಹೂಂ’ ಎಂದೆ.

“ಕಥೆ ಕೇಳೋ ಮಕ್ಳಂಗೆ ಹೂಂಗುಡ್ತೀರಲ್ಲ. ನಿದ್ದೆ ಬಂತು ಅಂದ್ರೆ ಹೇಳ್ರಿ, ನಿಲ್ಲಿಸ್ತೀನಿ.”

ಆದರೆ ಅವರ ಕೈ ಸಡಿಲವಾಯಿತು. ಗೆರೆ, ಹೂಂ. ಗೆರೆ, ಹೂಂ. ಎಷ್ಟು ಹೊತ್ತಾಯಿತೋ, ಬಾಗಿಲಲ್ಲಿ ತೃಪ್ತಿ ನಿಂತಿದ್ದಳು.

“ಕಾರ್ಡು ಸರಿಯಾತಾ ಮೇಡಂ? ತೋರ್ಸಿ.”

ತೋರಿಸಿದೆ.

“ದೊಡ್ಡದು ಮಾಡಿ.”

ಮಾಡಿದೆ. ಇನ್ನೇನು ಮಾಡಲಿ. ಫೋಟೋದಲ್ಲಿ ಅಂಚಿನ ಮೂಲೆಗೆ ಬಂದು ಬೆರಳಿಟ್ಟಳು. “ಇದು ಕೂಡೇ ಇಲ್ಲ.”

ಹನುಮಮ್ಮನ ಕೈ ನಿಂತಿತು. ಈ ಸಲ ನನಗಾಗಿ ಅಲ್ಲ.

“ನನಗೆ ಈ ಕ್ಯಾಮೆರಾ ಇನ್ನೂ ಒಗ್ಗಿಲ್ಲ ತೃಪ್ತಿ, ಸೊಟ್ಟ ಬಂದಿರಬೇಕು,” ಎಂದೆ. ಯಾರೂ ನಂಬಲಿಲ್ಲ. ತೃಪ್ತಿ ಅತ್ತೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಅವರ ಕಣ್ಣಿನ ಎದುರು ಅಂಗೈ ಆಡಿಸಿದಳು. ಎರಡು ಸಲ.

“ಎಷ್ಟು ದಿನಾತು ಅತ್ತೆ?”

“ಎಂತದು?”

“ನಾಟಕ ಬ್ಯಾಡ.”

“...ದೀಪಾವಳಿಯಿಂದ.”

“ಒಲೆ ಮುಂದೆ ಕುಂತು ರೊಟ್ಟಿ ಬೇಸ್ತಿದ್ರಲ್ಲ! ಸೆರಗಿಗೆ ಬೆಂಕಿ ಹತ್ತಿದ್ರೆ? ನಾನೇನು ಮನ್ಯಾಗೆ ಸತ್ತು ಹೋಗಿದ್ನಾ, ಹೇಳಾಕೇನು ಧಾಡಿ?”

“ಹೇಳಿದ್ರೆ ಕುಂಚ ಕಿತ್ಗಂತಿದ್ರಿ.”

ತೃಪ್ತಿ ಕಿತ್ತುಕೊಳ್ಳುತ್ತಿದ್ದಳು, ಅವಳಿಗೂ ಗೊತ್ತು. ಸೊಂಟದಿಂದ ಫೋನ್ ತೆಗೆದಳು. ನಾನು ಎದ್ದು ನಿಂತೆ. ಎದ್ದದ್ದು ಯಾಕೋ ಗೊತ್ತಿಲ್ಲ. ತಡೆಯಲು ನಾನು ಯಾರು?

“ಹಲೋ. ಎಲ್ಲಿದೀರಿ? ...ಸಾಗರಕ್ಕೆ ಹೋಗ್ಬ್ಯಾಡಿ. ಇಲ್ಲೇ ಆಗ್ತಾ ಐತೆ. ...ಹೌದು, ನೋಡ್ದೆ. ಬರೋವಾಗ ಬಾಳೆ ಎಲೆ ತನ್ನಿ, ಅಷ್ಟು ಸಾಕು.”

ಫೋನ್ ಇಟ್ಟು ಅತ್ತೆಯ ಮಗ್ಗುಲಿಗೆ ಸರಿದು ಕುಳಿತಳು. ಎರಡೂ ಕೈ ಸೆರಗಿನೊಳಗೆ ಸುತ್ತಿಕೊಂಡಳು, ತಪ್ಪಿಯೂ ಬುಟ್ಟಿ ಸೋಕದ ಹಾಗೆ. “ಎಳೀರಿ.”

ಹನುಮಮ್ಮ ಎಳೆದರು. ಗೆರೆ ಏಣಿಯ ಪಟ್ಟಿಯತ್ತ ಹೋಗುತ್ತಿತ್ತು. ಇನ್ನೇನು ಮುಟ್ಟಬೇಕು... ಮುಟ್ಟಿತು.

“ಹೂಂ,” ಎಂದಳು ತೃಪ್ತಿ. ಕೈ ಅಲ್ಲೇ ನಿಂತಿತು.

ಆಮೇಲೆ ನಾನು ಹೂಂ ಎನ್ನಲಿಲ್ಲ. ನನ್ನ ಕೆಲಸ ಮುಗಿದಿತ್ತು. ಮೂಲೆಗಳು ಕೂಡಿದವು. ತೆನೆಗಳು ಕಾಂಡಕ್ಕೆ ಬಂದವು. ಒಂದೆರಡು ಕಡೆ ತೃಪ್ತಿಯ ಹೂಂ ತಡವಾಗಿ ಗೆರೆ ದಾಟಿತು. “ಯಾಕೆ, ನಿದ್ದಿ ಮಾಡ್ತಿದೀ ಏನೇ?” ಎಂದು ಬೈಸಿಕೊಂಡಳು. ನಾನು ಎಷ್ಟು ತೆಗೆದೆನೋ ಲೆಕ್ಕವಿಲ್ಲ. ಅವರಿಬ್ಬರಿಗೂ ಗೊತ್ತಾಗಲಿಲ್ಲ. ಈ ಸಲ ಅದು ಕಳ್ಳತನ ಅನಿಸಲಿಲ್ಲ... ಇರಲಿ, ಇದನ್ನು ಇನ್ನೊಮ್ಮೆ ಯೋಚಿಸಬೇಕು.

ಅಕ್ಟೋಬರ್ 7, ಮಂಗಳವಾರ

ಹುಣ್ಣಿಮೆ. ನಾನು ಹೋಗಲಿಲ್ಲ. ಭುಜ. ನಸುಕಿನಲ್ಲಿ ಮಾಳೇಶ ಬುಟ್ಟಿ ಹೊತ್ತ ಫೋಟೋ ತೃಪ್ತಿ ತನ್ನ ಮೊಬೈಲಿನಿಂದ ಕಳಿಸಿದ್ದಾಳೆ. ಅಲುಗಿದೆ. ಚೆನ್ನಾಗಿದೆ.

ಅಕ್ಟೋಬರ್ 12, ಭಾನುವಾರ

ಕ್ಯಾಮೆರಾ ವಾಪಸ್ ಕೊಟ್ಟು ಬಂದೆ.

“ಹುಣ್ಣಿಮೆಗೆ ಹೇಳ್ತೀನಿ ಅಂದಿದ್ರಿ ವೇದಕ್ಕ.”

“ಯೋಚಿಸ್ತಿದೀನಿ ಅನಂತಾ.”

“ಯೋಚಿಸಿ. ಯಾವ ಹುಣ್ಣಿಮೆ ಅಂತ ನಾವೇನು ಮಾತಾಡಿರ್ಲಿಲ್ಲ ಬಿಡಿ.”

ನವೆಂಬರ್ 2, ಭಾನುವಾರ. ಸಂಜೆ

ಇಷ್ಟು ದಿನ ಬರೆಯಲಿಲ್ಲ. ಮೌಲ್ಯಮಾಪನ, ಹಬ್ಬ. ಹನುಮಮ್ಮನ ಎಡಗಣ್ಣಿನ ಆಪರೇಷನ್ ದೀಪಾವಳಿಗೆ ಮುಂಚೆ ಆಯಿತೆಂದು ತೃಪ್ತಿ ತಿಳಿಸಿದ್ದಳು.

ನಿನ್ನೆ ಅನಂತನಿಗೆ ‘ಹೊಸದೊಂದು ತರಿಸು’ ಎಂದೆ. ಚೆನ್ನಾಗಿ ಕಾಣುತ್ತದೆಂಬುದಕ್ಕೆ ಹೆದರಿ ಕುರುಡು ಯಂತ್ರ ಇಟ್ಟುಕೊಳ್ಳುವುದು ಸರಿಯಲ್ಲ. ಸದ್ದಿನ ಜವಾಬ್ದಾರಿ ನನ್ನದು. ಕೇಳಿ ತೆಗೆಯಬೇಕು, ತೆಗೆದಮೇಲೆ ಹೇಳಬೇಕು. ಅಷ್ಟು ಮಾಡಲಾಗದಿದ್ದರೆ ಮತ್ತೆ ಅನಂತನಿಗೇ ಮಾರುತ್ತೇನೆ.

ಇವತ್ತಿಡೀ ಆಲ್ಬಮ್ ಕೆಲಸ. ಏಳು ವರ್ಷದ ಬುಟ್ಟಿಗಳನ್ನು ಪ್ರಿಂಟ್ ಮಾಡಿಸಿ ಹನುಮಮ್ಮನಿಗೆ ಕೊಡಬೇಕು. ಹಳೆಯವು ಸಲೀಸು. ಈ ವರ್ಷದವು ಕಷ್ಟ. ಆ ಹನಿ ಬಿದ್ದ ಫೋಟೋ, ಕೂಡದ ಮೂಲೆ, ದೂರ ನಿಂತ ತೆನೆ... ಶನಿವಾರದ್ದೆಲ್ಲ ಬೇಡ, ಸೋಮವಾರದ್ದು ಸಾಕು ಅನಿಸಿತು. ಹೊಸ ಕಣ್ಣಿಗೆ ಮೊದಲು ತಮ್ಮ ತಪ್ಪೇ ಯಾಕೆ ಕಾಣಬೇಕು? ಮೂವತ್ತೆಂಟು ಫೋಟೋ ಆಯ್ದಿದ್ದೆ, ಅಳಿಸಲೇ ಎಂದು ಲ್ಯಾಪ್‌ಟಾಪ್ ಕೇಳುತ್ತಿತ್ತು. ನಾನಿನ್ನೂ ಒತ್ತಿರಲಿಲ್ಲ.

ಬಾಗಿಲು ಬಡಿದ ಸದ್ದು. ರಮಾಬಾಯಿ. ಒಳಗೆ ಬಾರದೆ ಹೊಸ್ತಿಲಾಚೆಯೇ ನಿಂತು, ಹಿಂದೆ ರಸ್ತೆಯ ಕಡೆ ಕೈ ತೋರಿಸುತ್ತ, “ಏನ್ರೀ ವೇದಾ, ಎಷ್ಟೊತ್ತು ಬಾಗ್ಲು ತೆಗ್ಯಾಕ? ಸೊರಬದ ಕಡೆ ಅಜ್ಜಿ ಒಬ್ರು ನಿಮ್ಮನಿ ಕೇಳ್ಕೊಂತ ನಮ್ಮಲ್ಲಿಗೆ ಬಂದಾರ, ಕರೀ ಕನ್ನಡಕ ಹಾಕ್ಕೊಂಡು, ಸೊಸಿ ಕೈ ಹಿಡ್ಕೊಂಡು. ಆಸ್ಪತ್ರಿಗೆ ತೋರ್ಸಿ ಹಂಗೇ ಬಂದಾರಂತ. ಬುಟ್ಟಿ ಫೋಟೋ ನೋಡ್ಬೇಕಂತ್ರೀ. ಚೆಂದ ಇರೋವು ಆಮ್ಯಾಲೆ, ಮೊದ್ಲು ಆ ಶನಿವಾರದ್ದು ತೆಗೀರಿ ಅಂತ ಹೇಳ್ರಿ ಅಂದ್ರು... ಎಲ್ಲೆಲ್ಲಿ ತಪ್ಪೇತಿ ನೋಡ್ಬೇಕಂತ.”