ಸೀರೆಯಂಚಿನೊಳಗಿನ ಕಾಲು

೧೭ ಜನವರಿ ೧೯೮೬, ಶುಕ್ರವಾರ. ನಾಗಪುರ.

ಇವತ್ತೂ ಅರಿಸಿನ ಕುಂಕುಮಕ್ಕೆ ಹೋಗಲಿಲ್ಲ. ಮೇಲಿನ ಮನೆಯ ಗಂಗೂಬಾಯಿ ಎರಡು ಸಲ ಹೇಳಿಕಳುಹಿಸಿದ್ದರು. ಬ್ಯಾಂಕಿನಿಂದ ಬಂದ ಇವರು, "ಹೋಗಿ ಬಾ, ಹನ್ನೆರಡ ಮೆಟ್ಟಲಾ ಅಷ್ಟ," ಎಂದರು. ಮೆಟ್ಟಿಲಿನ ಮಾತಲ್ಲ. ಸಕ್ಕರೆ ಕಾಯಿಲೆಯ ಕಾಲು, ಎರಡು ವರ್ಷವಾದರೂ ಆರದ ಹುಣ್ಣು, ಅದರ ವಾಸನೆ. ಅಲ್ಲಿ ಎಲ್ಲರ ಕೈಗೂ ಅತ್ತರು ಹಚ್ಚುತ್ತಾರೆ. ಹೋದ ವರ್ಷ ನನ್ನ ಪಕ್ಕ ಕೂತವಳು ತನ್ನ ಅತ್ತರಿನ ಕೈಯನ್ನು ಮೂಗಿನಿಂದ ಇಳಿಸಲೇ ಇಲ್ಲ. ಆಗ ಮನೆಗೆ ಬಂದು ಅತ್ತಿದ್ದೆ. ಈಗ ಅಳುವೂ ಬರುವುದಿಲ್ಲ.

ಸಂಜೆ ಗಂಗೂಬಾಯಿಯ ಹೊಸ ಸೊಸೆ ಸುಷಮಾ ತಾನೇ ಕುಂಕುಮದ ಬಟ್ಟಲು ಹಿಡಿದು ಇಳಿದು ಬಂದಳು. ಹಣೆಗೆ ಹಚ್ಚಿ ನಮಸ್ಕಾರಕ್ಕೆ ಬಗ್ಗಿದಳು. ಎಡಗಾಲನ್ನು ಸೀರೆಯಂಚಿನೊಳಗೆ ಎಳೆದುಕೊಂಡೆ.

"ಕಾಕೂ, ದುಸರಾ ಪಾಯ?" ಎಂದು ಮರಾಠಿಯಲ್ಲಿ ಇನ್ನೊಂದು ಕಾಲು ಕೇಳಿ, ಬಗ್ಗಿಕೊಂಡೇ ಕಾದಳು.

"ಅದು ಬ್ಯಾಡವಾ," ಎಂದು ಕನ್ನಡದಲ್ಲೇ ಅಂದುಬಿಟ್ಟೆ. ಅವಳಿಗೆ ತಿಳಿಯಲಿಲ್ಲ. ಅಂಚು ಸರಿಸಿ ಬ್ಯಾಂಡೇಜಿನ ಮೇಲೆಯೇ ಕೈಯಿಟ್ಟಳು.

ಪಾದಕ್ಕೆ ಸ್ಪರ್ಶ ಹೋಗಿ ಬಹಳ ದಿನವಾಯಿತು. ಅವಳು ಮುಟ್ಟಿದ್ದನ್ನು ನೋಡಿದೆ, ಅಷ್ಟೇ. ಮುತ್ತೈದೆಗೆ ಹೇಳಬೇಕಾದ ಆಶೀರ್ವಾದ ಬಾಯಿಗೆ ಬರಲಿಲ್ಲ. ಹುಡುಗಿ ಇನ್ನೂ ಬಗ್ಗಿಯೇ ಇದ್ದಳು. "ಏಳು," ಎಂದೆ. ಎದ್ದು ಹೋದಳು. ಸಂತೋಷವಾಗಲಿಲ್ಲ. ಬೇಸರವೂ ಆಗಲಿಲ್ಲ. ಗೋಡೆ ನೋಡುತ್ತ ಕೂತೆ.

ಊಟವಾದ ಮೇಲೆ ಇವರು ಎಂದಿನಂತೆ ಕಾಲು ತೊಳೆದು ಕಟ್ಟಲು ಬಿಸಿನೀರು ತಂದರು. ಬಿಳಿ ಬಟ್ಟೆಯ ಮೇಲೆ ಮೂರು ಬೆರಳಿನ ಕುಂಕುಮದ ಗುರುತು. ಬಿಚ್ಚಲು ಕೈ ಚಾಚಿದರು.

"ಇವತ್ತ ಬ್ಯಾಡರಿ," ಎಂದೆ.

ಯಾಕೆ ಹಾಗಂದೆನೋ. ನೀರು ಆರುತ್ತಿದೆ. ಇವರು ಇನ್ನೂ ಹೊಸ ಬಟ್ಟೆ ಹಿಡಿದು ನನ್ನ ಕಾಲ ಬಳಿಯೇ ಕೂತಿದ್ದಾರೆ.